ಮೊಣಕಾಲೆತ್ತರದ ಮಸೀದಿ

ರಿಫಾತ್ ಭಾವನವರಿಗೆ ಸಲಾಮ್.

ನಿನ್ನೆ ಅತ್ತೆಯವರನ್ನು ಇಸ್ತಾನ್‌ಬುಲ್‌ನ ಪುಟ್ಟ ಮಾದರಿ ಕಟ್ಟಡಗಳ ಉದ್ಯಾನಕ್ಕೆ ಕರೆದೊಯ್ದಿದ್ದೆ. ನಮ್ಮ ಯಜಮಾನರು ಆಜಾನ್ ಕೂಗುತ್ತಿದ್ದ, ಭೂಕಂಪದಲ್ಲಿ ಬಿದ್ದುಹೋದ ನಮ್ಮೂರ ಮಸೀದಿ ಅಲ್ಲಿ ಮೊಣಕಾಲೆತ್ತರಕ್ಕೆ ನಿಂತಿದೆ. "ಇಲ್ಲಿ ನಮಾಜಿಗೆ ಇರುವೆಗಳು ಬರ್ತಾವೇನೇ?" ಎಂದು ಅತ್ತೆ ನಕ್ಕರು. ನಾನು ಮಾದರಿಯ ಪಕ್ಕದಲ್ಲಿದ್ದ ಗುಂಡಿ ಒತ್ತಿದೆ, ಆಜಾನ್ ಕೇಳಿಸಿತು.

"ಇದು ನಮ್ಮ ನೆಜಾತಿ ದನಿ ಅಲ್ಲ," ಎಂದರು.

"ಅವರು ಆಸ್ಪತ್ರೆಯಿಂದ ಬಂದಮೇಲೆ ಅವರ ದನೀನೇ ಕೇಳಬಹುದು ಅತ್ತೆ," ಎಂದೆ, ನೀವೂ ನಾನೂ ಇಷ್ಟು ದಿನ ಹೇಳುತ್ತಾ ಬಂದ ಹಾಗೆ.

ಅತ್ತೆ ಆ ಪುಟ್ಟ ಬಾಗಿಲ ಮುಂದೆ ಕೈಯೆತ್ತಿ, ಸತ್ತವರಿಗಾಗಿ ಓದುವ ಫಾತಿಹಾ ಓದಿ, ಅಂಗೈಗಳಿಂದ ಮುಖ ಸವರಿಕೊಂಡರು. ಆಮೇಲೆ ನನ್ನ ತಲೆವಸ್ತ್ರ ಸರಿಮಾಡುತ್ತಾ, "ಒಬ್ಬಳೇ ಎಷ್ಟು ದಿನ ಹೊರ್ತೀಯ ಮಗಳೇ?" ಎಂದರು.

ಇನ್ನು ಫೋನಿನಲ್ಲಿ ಅವರಿಗೆ ಸುಳ್ಳು ಹೇಳಬೇಡಿ. ಬರುವಾಗ ನಮ್ಮ ಯಜಮಾನರ ಜಪಮಾಲೆ ತನ್ನಿ, ಅತ್ತೆ ಕೇಳಿದ್ದಾರೆ.

ನಿಮ್ಮ ತಮ್ಮನ ಹೆಂಡತಿ,
ಶೆರಿಫೆ