ಕುಳ್ಳಿಯ ರೂಮಿಗೆ ಕಾರ್ಪೆಟ್

ಜೂನ್ 3, ಸೋಮವಾರ

ಹೊಲಿಯೋಕೆ ಬಂದ ಯೂನಿಫಾರ್ಮಿನ ಕಾಲರ್ ಮತ್ತೆ ಸೊಟ್ಟ. ದಾರ ಬಿಚ್ಚಿ ಬಿಚ್ಚಿ ಸಾಕಾಯ್ತು. ತಲೆ ಎಲ್ಲೋ ಇದ್ದರೆ ದಾರ ಪಾಪ ಏನು ಮಾಡುತ್ತೆ.

ಸಾಮಾನು ತುಂಬಿದ್ದ ಪಕ್ಕದ ರೂಮು ಕೊನೆಗೂ ಖಾಲಿ. ಇನ್ನು ಅದು ನಮ್ಮ ಮಗಳು ಕುಳ್ಳಿಯದು. ಆರು ತುಂಬಿದರೂ ಇನ್ನೂ ನಮ್ಮಿಬ್ಬರ ಮಧ್ಯೆಯೇ ಮಲಗ್ತಾಳೆ. ಆಗಸ್ಟಿಗೆ ಹೊಟ್ಟೆಯಲ್ಲಿರೋದು ಆಚೆ ಬರುತ್ತೆ... ಇರೋ ಮಂಚದಲ್ಲಿ ನಾಲ್ಕು ಜನ ಎಲ್ಲಿ ಹಿಡೀತಾರೆ? ಅಷ್ಟರೊಳಗೆ ಅವಳಿಗೆ ಆ ರೂಮು ಒಗ್ಗಬೇಕು. ಮಗು ಬಂತು, ನನ್ನನ್ನ ಆಚೆ ಹಾಕಿದರು ಅಂತ ಅನ್ನಿಸಬಾರದು. ನನ್ನ ಹೆದರಿಕೆ ಇರೋದು ಅದೊಂದೇ.

ಅದಕ್ಕೇ ರೂಮು ಚೆನ್ನಾಗಿರಬೇಕು. ಮನೆಯೆಲ್ಲ ಇರೋ ಹಾಗೆ ಅಲ್ಲೂ ಬರೀ ಹಲಗೆ ನೆಲ, ಬೆಳಿಗ್ಗೆ ಕಾಲಿಟ್ಟರೆ ಚಳಿಗೆ ಜುಂ ಅನ್ನುತ್ತೆ. ಕಾರ್ಪೆಟ್ ಹಾಕಿಸಿದರೆ? ಇವರನ್ನ ಕೇಳಿದೆ. "ಧೂಳು ಕೂರುತ್ತೆ, ಹಾಲು ಚೆಲ್ತಾಳೆ, ಆಮೇಲೆ ನೀನೇ ಕೂಗಾಡ್ತೀಯ" ಅಂದರು. ಎಲ್ಲದಕ್ಕೂ ಅಡ್ಡಗಾಲು ಈ ಮನುಷ್ಯನದು.

ಜೂನ್ 5, ಬುಧವಾರ

ಅಕ್ಕ ಬಂದಿದ್ದಳು. ಬಂದವಳೇ ರೂಮಿನ ತಪಾಸಣೆ.

"ಅಯ್ಯೋ, ಇದೇನೇ, ಗೋಡೌನ್ ಥರ ಇದೆ! ಮಗು ಮಂಚದಿಂದ ಬಿದ್ದರೆ ತಲೆ ಏನಾಗಬೇಕು? ಮೊದಲು ಕಾರ್ಪೆಟ್ ಹಾಕಿಸು."

ಅಷ್ಟರಲ್ಲಿ ಇವರು ಊಟಕ್ಕೆ ಕರೆಯೋಕೆ ನೆಲಕ್ಕೆ ಎರಡು ಸಲ ಕಾಲು ಬಡಿದರು. ಧಪ್ ಧಪ್. ಕುಳ್ಳಿ ಬಣ್ಣದ ಪೆನ್ಸಿಲ್ ಬಿಟ್ಟು ಓಡಿಬಂದಳು. ಹುಟ್ಟಿನಿಂದ ಕಿವಿ ಕೇಳದ ಹುಡುಗಿಯನ್ನ ಕೂಗಿ ಏನು ಮಾಡೋದು? ನಮ್ಮ ಮನೇಲಿ ಎರಡು ಸಲ ಬಡಿದರೆ ಬಾ ಅಂತ. ನಾವೂ ಹಾಗೇ ಕರೆಯೋದು, ಅವಳೂ ಹಾಗೇ. ಅಕ್ಕನಿಗೆ ಮಾತ್ರ ಪ್ರತಿ ಸಲವೂ ನಗು. "ಮನೆಯೋ, ಕುದುರೆ ಲಾಯವೋ!"

ನಗಲಿ ಬಿಡು.

ಜೂನ್ 8, ಶನಿವಾರ

ಕಾರ್ಪೆಟ್ ಅಂಗಡಿ. ಕುಳ್ಳಿ ಸುರುಳಿಗಳ ಮಧ್ಯೆ ಕಣ್ಣಾಮುಚ್ಚಾಲೆ ಆಡಿದ್ದೇ ಆಡಿದ್ದು. ಹಸಿರು ತುಂಡೊಂದನ್ನ ಕೆನ್ನೆಗೆ ಉಜ್ಜಿಕೊಂಡು ನಕ್ಕಳು. ನನಗೆ ಅಷ್ಟು ಸಾಕಾಯ್ತು.

ಇವರು ಇನ್ನೂ ಧೂಳು ಧೂಳು ಅಂತ ಗೊಣಗ್ತಾನೇ ಇದ್ದರು. ಅಂಗಡಿಯವನು, "ಸಾರ್, ಧೂಳು ಎಲ್ಲಿಲ್ಲ ಹೇಳಿ, ನಿಮ್ಮ ಅಂಗಿ ಮೇಲೂ ಇದೆ" ಅಂದ. ಇವರು ಅಂಗಿ ಕೊಡವಿಕೊಂಡರು.

ಇವರಿಗೆ ಹೇಳದ ಕಾರಣ ಇನ್ನೊಂದಿದೆ. ನನ್ನ ಹೊಲಿಗೆ ಮಷಿನ್ ಓಡಿದರೆ ಆ ರೂಮಿನ ನೆಲ ಪೂರ್ತಿ ಅದುರುತ್ತೆ. ರಾತ್ರಿ ಊಟ ಆದಮೇಲೂ ಹೊಲೀತೀನಲ್ಲ. ಕಿವಿ ಕೇಳದಿದ್ದರೇನು, ಮೈಗೆ ಗೊತ್ತಾಗಲ್ವಾ? ಪಾಪ, ಅವಳ ನಿದ್ದೆ ಕೆಡಬಾರದು. ಕಾರ್ಪೆಟ್ಟಿನ ಅಡಿಗೆ ದಪ್ಪ ಫೋಮ್ ಹಾಕಿಸೋಕೆ ಹೇಳಿದೆ.

ಜೂನ್ 11, ಮಂಗಳವಾರ

ಹಾಕಿ ಹೋದರು. ಗೋಡೆಯಿಂದ ಗೋಡೆಗೆ ಹಸಿರು. ಬರಿಗಾಲಲ್ಲಿ ಓಡಾಡಿ ನೋಡಿದೆ, ಸದ್ದೇ ಇಲ್ಲ. ಮಷಿನ್ ಪೆಡಲ್ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಓಡಿಹೋಗಿ ನೆಲ ಮುಟ್ಟಿದೆ. ಏನೂ ಗೊತ್ತಾಗಲ್ಲ! ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕುಳ್ಳಿಯನ್ನ ಮಲಗಿಸಿ ಬಂದು ಮಷಿನ್ ಮುಂದೆ ಕೂತೆ. ಒಂದು ತೋಳು ಮುಗಿಯೋದರೊಳಗೆ ಬಾಗಿಲಲ್ಲಿ ನಿಂತಿದ್ದಳು. ನನ್ನ ಮುಖ ನೋಡಿದಳು, ವಾಪಸ್ ಹೋದಳು. ಮತ್ತೆ ಬಂದಳು. ಹೊಸ ಜಾಗ, ಸರಿಹೋಗುತ್ತೆ.

ಜೂನ್ 14, ಶುಕ್ರವಾರ

ಸರಿಹೋಗಿಲ್ಲ. ದಿನಾ ಇದೇ ಪಾಡು. ಬರೋದು, ನೋಡೋದು, ಹೋಗೋದು. ಇವತ್ತು ತಾಳ್ಮೆ ಕೆಟ್ಟು, ಮತ್ತೆ ಎದ್ದು ಬರಬೇಡ ಅಂತ ಸನ್ನೆಯಲ್ಲೇ ಗದರಿದೆ. ಮುಖ ಊದಿಸಿಕೊಂಡು ಹೋದಳು. ಆಮೇಲೆ ಬರಲೇ ಇಲ್ಲ. ಗೆದ್ದೆ ಅಂದುಕೊಂಡೆ... ಆದರೂ ಒಂದು ತೋಳನ್ನ ಎರಡು ಸಲ ಬಿಚ್ಚಿ ಹೊಲಿದೆ.

ಜೂನ್ 22, ಶನಿವಾರ

ಬರೆಯೋಕೆ ಮನಸ್ಸೇ ಇರಲಿಲ್ಲ. ಕುಳ್ಳಿ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಮಾತೆಲ್ಲ ಕೈಯಲ್ಲಿ. ಎರಡೂ ಕೈ ಜೇಬಿಗೆ ಹಾಕಿಕೊಂಡು ಕೂರ್ತಾಳೆ. ನಾನು ಕೈಸನ್ನೆ ಮಾಡಿದರೆ ಕಣ್ಣು ಮುಚ್ಚಿಕೊಳ್ತಾಳೆ. ಇದಕ್ಕಿಂತ ಗಟ್ಟಿಯಾಗಿ ಬಾಗಿಲು ಹಾಕೋಕೆ ಯಾರಿಗೂ ಆಗಲ್ಲ.

ಬೆಳಿಗ್ಗೆ ನೋಡಿದರೆ ಮಂಚದಲ್ಲಿಲ್ಲ, ಹೊಸ್ತಿಲ ಮೇಲೆ ಮುದುಡಿ ಮಲಗಿದ್ದಾಳೆ. ಕೈ ಹೊರಗೆ ಚಾಚಿ, ನಮ್ಮ ಕಡೆಯ ಹಲಗೆ ಮೇಲೆ.

"ಹೊಟ್ಟೆಕಿಚ್ಚು ಕಣೇ. ಮಗು ಬರುತ್ತೆ ಅಂತ" ಅಂದರು ಇವರು. ಯಾವುದು ಆಗಬಾರದು ಅಂತಿದ್ದೆನೋ ಅದೇ ಆಯ್ತಾ?

ಜೂನ್ 23, ಭಾನುವಾರ

ಹೊಲಿಗೆ ಪಕ್ಕಕ್ಕಿಟ್ಟೆ. ಮೊದಲು ಇದನ್ನ ಬರೀತೀನಿ.

ಮಧ್ಯಾಹ್ನ ಅವಳ ಮುಂದೆ ಮಂಡಿ ಊರಿ ಕೂತೆ. ಈ ಹೊಟ್ಟೆ ಇಟ್ಟುಕೊಂಡು. ಯಾಕೆ ಕೋಪ ಅಂತ ಕೇಳಿದೆ. ಈ ಸಲ ಕಣ್ಣು ಮುಚ್ಚಲಿಲ್ಲ, ಒಂದು ಕೈಯಲ್ಲಿ ನನ್ನ ಕೈ ಹಿಡಿದು ರೂಮಿಗೆ ಎಳೆದುಕೊಂಡು ಹೋದಳು. ಕಾರ್ಪೆಟ್ ಮಧ್ಯೆ ನಿಂತು ಕಾಲು ಬಡಿದಳು. ಎರಡು ಸಲ. ಮೆತ್ತಗೆ ಪುಸ್ ಅಂತು, ಅಷ್ಟೇ. ಆಮೇಲೆ ಜೇಬಲ್ಲಿದ್ದ ಇನ್ನೊಂದು ಕೈಯೂ ಹೊರಗೆ ಬಂತು, ಸನ್ನೆಯಲ್ಲಿ ಹೇಳಿದಳು:

ಬಡಿದೆ. ಬಡಿದೆ. ನೀನು ಬರಲಿಲ್ಲ.

ಅಯ್ಯೋ ದೇವರೇ. ಗದರಿದ ದಿನದಿಂದ ಎದ್ದು ಬರದೆ, ಇದ್ದಲ್ಲಿಂದಲೇ ಕರೆದಿದ್ದಾಳೆ ಮಗು. ನಾನು ಮಷಿನ್ ಮುಂದೆ ಕೂತು, ಚೆನ್ನಾಗಿ ನಿದ್ದೆ ಮಾಡ್ತಿದ್ದಾಳೆ ಅಂದುಕೊಂಡೆ.

ಅಷ್ಟಕ್ಕೇ ಬಿಡಲಿಲ್ಲ. ಅಪ್ಪನನ್ನ ಮಷಿನ್ ಹತ್ತಿರ ಕೂರಿಸಿ ಓಡಿಸೋಕೆ ಹೇಳಿದಳು. ನನ್ನ ಅಂಗೈಯನ್ನ ಹೊಸ್ತಿಲಾಚೆ ಹಲಗೆಗೆ ಒತ್ತಿ ಹಿಡಿದಳು. ಗುರ್ ಅಂತ ಅದುರಿತು. ಅವಳ ಕೈ ಹೇಳಿತು: ಇದು ಅಮ್ಮ. ಆಮೇಲೆ ಕಾರ್ಪೆಟ್ ಮೇಲೆ ಒತ್ತಿದಳು: ಇಲ್ಲಿ ಅಮ್ಮ ಇಲ್ಲ.

ಅವಳನ್ನ ತಬ್ಬಿಕೊಂಡು ಅತ್ತುಬಿಟ್ಟೆ. ಇವರೂ ಮಷಿನ್ ನಿಲ್ಲಿಸೋದು ಮರೆತು ಕೂತಿದ್ದರು.

ಜೂನ್ 24, ಸೋಮವಾರ

ಕಾರ್ಪೆಟ್ ಕಿತ್ತು ಸುತ್ತಿಟ್ಟಿದ್ದಾಯ್ತು. ಅಕ್ಕ ಫೋನಲ್ಲಿ, "ನಿನಗೆ ತಲೆ ಕೆಟ್ಟಿದೆ, ಮಗು ಬಿದ್ದರೆ?" ಅಂದಳು. ಬಿದ್ದರೆ ನನಗೆ ಗೊತ್ತಾಗುತ್ತೆ ಅಕ್ಕ, ಅಂದೆ. ಹಾಗಾದರೆ ಹಸಿರು ಸುರುಳಿ ನನಗೇ ಇರಲಿ ಅಂದಳು. ತಗೊಂಡು ಹೋಗಲಿ. ಕಾಲು ಜುಂ ಅಂದರೆ ಕಾಲುಚೀಲ ಇದೆ. ಮಂಚದ ಕಾಲನ್ನ ಇವರೇ ಗಿಡ್ಡ ಮಾಡ್ತಾರಂತೆ. ಧೂಳಿನ ವಿಷಯಕ್ಕೆ ತಾನೇ ಗೆದ್ದೆ ಅಂತ ಮೀಸೆ ತಿರುವ್ತಿದ್ದಾರೆ.

ಕುಳ್ಳಿ ತಾನಾಗೇ ಹೋಗಿ ಮಲಗಿದಳು. ಮಂಚ ಬೇಡ ಅಂತ ಹಾಸಿಗೆ ನೆಲಕ್ಕೆ ಎಳೆದುಕೊಂಡಿದ್ದಾಳೆ. ಒಂದು ಕೈ ಹಲಗೆ ಮೇಲೆ. ನಾಲ್ಕು ಕಾಲರ್ ಹೊಲಿದೆ, ಬಾಗಿಲಿಗೆ ಬರಲಿಲ್ಲ. ಈಗ ಮಷಿನ್ ನಿಲ್ಲಿಸಿ ಇದನ್ನ ಬರೀತಿದ್ದೀನಿ. ನಿದ್ದೆ ಬಂದಿರಬೇಕು, ಇನ್ನು ದೀಪ ಆರಿಸಿ ನಾನೂ —

ಅಂಗಾಲಿಗೆ ತಟ್ಟಿತು. ಧಪ್ ಧಪ್. ಮಷಿನ್ ನಿಂತಿದ್ದು ಗೊತ್ತಾಗಿ ಕುಳ್ಳಿ ಕರೀತಾ —