ಹನ್ನೊಂದು ನಿಮಿಷ ತಡೆದ ರಕ್ತ

ಇಳಕಲ್ಲು, ಫೆಬ್ರವರಿ 30, 2219

ಇನ್ನೂರು ವರ್ಷ ಹಿಂದಿನ ಪ್ರಯೋಗಾಲಯಗಳ ಹಿರಿಯರಿಗೆ ನಮಸ್ಕಾರ.

ತಾರೀಖು ತಪ್ಪಿಲ್ಲ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಇನ್ನು ಮುಂದೆಯೂ ನಿಮಗೆ ಗುರುತಿಲ್ಲದ ಮಾತುಗಳು ಬಂದಾವು, ಕ್ಷಮಿಸಬೇಕು. ನಾನು ಪಾರ್ವತೆವ್ವ ಗೊರಬಾಳ, ಇಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ಮರುಹರಿವಿನ ದಾದಿ. ತಡೆದುನಿಂತ ರಕ್ತವನ್ನು ಮತ್ತೆ ಯಾವಾಗ ಹರಿಯಬಿಡಬೇಕು ಎಂದು ಹೇಳುವುದು ನನ್ನ ಕೆಲಸ.

ಕಳೆದ ಸೋಮವಾರ ಬೆಳಿಗ್ಗೆ, ಕಲ್ಲು ಕೊರೆಯುವ ಶಾವಂತ್ರೆವ್ವನ ಬಲಗೈ ಎರಡು ಬಂಡೆಗಳ ನಡುವೆ ಸಿಕ್ಕಿಕೊಂಡಿತು. ದಾರಿ ತೆರವು ಮಾಡಿ ನಾನು ಅವಳ ಬಳಿ ತಲುಪುವಷ್ಟರಲ್ಲಿ ಮೂರು ತಾಸು ಕಳೆದಿತ್ತು. ಬೆರಳುಗಳು ಬೂದಿಯ ಬಣ್ಣಕ್ಕೆ ತಿರುಗಿದ್ದವು. ಅವಳ ಅಣ್ಣ ಮಾನಪ್ಪ ಬಂಡೆಯ ಕೆಳಗೆ ಜಾಕ್ ಕೊಟ್ಟು, ಹಿಡಿಕೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದ.

"ಎತ್ತತೀನ್ರಿ ಅಕ್ಕಾರ."

"ಹನ್ನೊಂದು ನಿಮಿಷ ತಡೀರಿ ಅಣ್ಣಾರ. ಮೊದಲ ಸಿಪ್ಪೆಸಾರ ಮೈಗೆ ಏರಲಿ."

ಸಿಪ್ಪೆಸಾರವೆಂದರೆ ದಾಳಿಂಬೆ ಸಿಪ್ಪೆಯಿಂದ ಸೋಸಿ ತೆಗೆದು, ಶುದ್ಧ ಮಾಡಿ, ರಕ್ತನಾಳಕ್ಕೆ ಕೊಡುವ ಔಷಧ. ತಾಸುಗಟ್ಟಲೆ ರಕ್ತವಿಲ್ಲದ ಸ್ನಾಯುವಿಗೆ ರಕ್ತ ಒಮ್ಮೆಲೇ ನುಗ್ಗಿದರೆ, ಜೊತೆಗೆ ಬಂದ ಆಮ್ಲಜನಕವೇ ಕೆರಳಿ ಜೀವಕೋಶಗಳನ್ನು ಹಾಳುಮಾಡುತ್ತದೆ. ಆ ಕೆರಳಿಕೆಯನ್ನು ತಣಿಸುವ ಗುಣ ಸಿಪ್ಪೆಯಲ್ಲಿದೆ. ಆದರೆ ಮರಳಿ ಬರುವ ಮೊದಲ ರಕ್ತದಲ್ಲೇ ಅದು ಬೆರೆತಿರಬೇಕು.

ಇದನ್ನೆಲ್ಲ ಮಾನಪ್ಪನಿಗೆ ಬಿಡಿಸಿ ಹೇಳುವ ಹೊತ್ತು ಅದಾಗಿರಲಿಲ್ಲ. "ಮೂರು ತಾಸು ನರಳ್ಯಾಳ. ನಿಮ್ಮ ಕೈ ಆಗಿದ್ರ ಹಿಂಗ ತಡೀರಿ ಅಂತಿದ್ರೇನು?" ಎಂದ. ನಾನು ಶಾವಂತ್ರೆವ್ವನ ಎಡಗೈಗೆ ಸೂಜಿ ಏರಿಸಿದೆ. ಅವನು ಜಾಕ್ ಒತ್ತಲು ಬಾಗಿದಾಗ ಶಾವಂತ್ರೆವ್ವನೇ ಬಾಯಿಬಿಟ್ಟಳು.

"ತಡಿ ಅಣ್ಣಾ. ಕೈ ನಂದು. ಆಕಿ ಹೇಳಿದಷ್ಟು ತಡಿ."

ಅವನು ಹಿಡಿಕೆ ಬಿಟ್ಟು, ತಂಗಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಹನ್ನೊಂದು ನಿಮಿಷ ನಾನು ಗಡಿಯಾರ ನೋಡುತ್ತ ಸಾರ ಹರಿಸಿದೆ. ಬಂಡೆ ಎತ್ತಿದ ಮೇಲೆ ಅಂಗೈಗೆ ಕೆಂಪು ಇಳಿಯಿತು. ನಾನು ಹೆದರಿದ್ದ ಬಾವು ಬರಲಿಲ್ಲ. ನಾಲ್ಕನೆಯ ದಿನ ಅವಳು ತಾನೇ ರೊಟ್ಟಿ ಮುರಿದು ತಿಂದಳು. ಕಿರುಬೆರಳಿಗೆ ಮಾತ್ರ ಇನ್ನೂ ಬಿಸಿ ತಂಪು ತಿಳಿಯುವುದಿಲ್ಲ. ಅದೂ ಸರಿಹೋದೀತೆಂಬ ಭರವಸೆ ನನಗಿದೆ.

ಆ ಹನ್ನೊಂದು ನಿಮಿಷ ನಮಗೆ ಗೊತ್ತಾದದ್ದು ನಿಮ್ಮ ಕಾಲದ ಒಂದು ನೋಟ್‌ಬುಕ್ಕಿನಿಂದ. ಬರೆದವರ ಹೆಸರು ಅಳಿಸಿಹೋಗಿದೆ. ರಕ್ತ ಹರಿದ ಮೇಲೆ ಸಾರ ಕೊಟ್ಟು, ಮೂವತ್ತನಾಲ್ಕು ಸಲ ಅವರು "ಪ್ರಯೋಜನವಿಲ್ಲ" ಎಂದು ಬರೆದಿದ್ದಾರೆ. ಪ್ರತಿ ಸಲವೂ ಪಕ್ಕದಲ್ಲಿ ಸಾರ ಕೊಟ್ಟ ಸಮಯವನ್ನೂ ಅದು ರಕ್ತದಲ್ಲಿ ಪೂರ್ತಿ ಬೆರೆತ ಸಮಯವನ್ನೂ ಗುರುತಿಸಿದ್ದಾರೆ. ಬೆರೆಯಲು ಹನ್ನೊಂದು ನಿಮಿಷ ಬೇಕು, ಆದ್ದರಿಂದ ರಕ್ತ ಬಿಡುವ ಮೊದಲೇ ಸಾರ ಕೊಡಬೇಕು ಎಂದು ನಮ್ಮವರು ಅದರಿಂದಲೇ ಕಲಿತರು.

ಆದ್ದರಿಂದ ನನ್ನದೊಂದು ವಿನಂತಿ. ಸೋತ ಪ್ರಯೋಗವನ್ನೂ ಗಂಟೆ ನಿಮಿಷ ಸಮೇತ ಬರೆದಿಡಿ. ಓದುವವರು ನಾವಿದ್ದೇವೆ.