ಕೈ ಬಿದ್ದುಹೋಯಿತು ಎಂದವರಿಗೆ

ಅರಸೀಕೆರೆ,
ಉರಿಮಾಸದ ಮೂವತ್ತೈದನೇ ದಿನ, ೨೧೮೧

ಚಂದ್ರಮೌಳಿಯವರಿಗೆ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ. ಬೇಸಿಗೆ ಹಿಗ್ಗಿ ಹಿಗ್ಗಿ ತನ್ನ ತಿಂಗಳುಗಳಲ್ಲಿ ಹಿಡಿಸದಂತಾದಾಗ ನಮ್ಮ ಹಿರಿಯರು ಉಳಿದ ತಿಂಗಳುಗಳಿಂದ ಅಷ್ಟಿಷ್ಟು ದಿನ ಕಿತ್ತು, ನಲವತ್ತು ದಿನಗಳ ಉರಿಮಾಸವನ್ನು ಮಾಡಿದರು. ಆಗ ಕಚೇರಿ, ಮದುವೆ, ಪರೀಕ್ಷೆ ಯಾವುದೂ ಇರುವುದಿಲ್ಲ. ನನ್ನ ಬೇರೆ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸುತ್ತವೆ. ‘ತಪ್ಪುಗಳಿದ್ದಲ್ಲಿ ಕ್ಷಮೆ ಇರಲಿ’ ಎಂದು ಬರೆದು ಹೊಡೆದುಹಾಕಿದೆ. ಅದು ನಿಮ್ಮ ಕಾಲದ ವಾಕ್ಯ. ತಪ್ಪು ಯಾರದು, ಕ್ಷಮಿಸಬೇಕಾದವರು ಯಾರು ಎಂದು ಬಾಯಿಬಿಡದೆ ಅದು ನಿಮ್ಮ ವಂದನಾರ್ಪಣೆಗಳ ಕೊನೆಯಲ್ಲಿ ಕೈಕಟ್ಟಿ ನಿಂತಿರುತ್ತಿತ್ತು. ವಿಚಿತ್ರ ಪದಗಳನ್ನು ಬಳಸುತ್ತಿರುವವಳು ನಾನು. ಕ್ಷಮಿಸಬೇಕಾದವರು ನೀವು.

ನಿಮ್ಮ ಪರಿಚಯ ನನಗೆ ಹೇಗೆ ಎಂದು ಹೇಳಬೇಕು. ನಿಮ್ಮ ಫೋನುಗಳಿಂದ ಹೋದ ವಾಯ್ಸ್ ಮೆಸೇಜುಗಳು ಅಳಿಯಲಿಲ್ಲ. ಅಳಿಸಿದೆವೆಂದು ನೀವು ನೆಮ್ಮದಿಯಾಗಿದ್ದವೂ ಅಳಿಯಲಿಲ್ಲ. ನೂರು ವರ್ಷ ಕಳೆದವನ್ನು ಯಾರು ಬೇಕಾದರೂ ಕೇಳಬಹುದೆಂದು ಇಲ್ಲಿ ಕಾನೂನಿದೆ. ಅವನ್ನು ಇಟ್ಟಿರುವ ನೆಲದಡಿಯ ತಣ್ಣನೆಯ ಕೋಣೆಗಳಿಗೆ ದನಿಗೂಡು ಎನ್ನುತ್ತೇವೆ. ಕೇಳಲು ಒಂದು ಕಿವಿಮಣಿ ಸಾಕು. ಅಕ್ಕಿಕಾಳಿನಷ್ಟಿರುತ್ತದೆ, ಕಿವಿಯೊಳಗೆ ಕೂತರೆ ಕಾಣುವುದಿಲ್ಲ. ನಾನು ಕನ್ನಡ ಎಂ.ಎ. ಮುಗಿಸಿದವಳು. ನಿಮ್ಮ ಕಾಲದ ಆಡುಮಾತಿನ ಮೇಲೆ ಪ್ರಬಂಧ ಬರೆಯಲೆಂದು ಕೇಳತೊಡಗಿದೆ. ಪ್ರಬಂಧದ ಮೊದಲ ಪುಟ ಇನ್ನೂ ಖಾಲಿಯಿದೆ. ಕೇಳುವುದು ಮಾತ್ರ ದಿನಕ್ಕೆ ಹದಿನಾಲ್ಕು ಗಂಟೆಗೆ ಮುಟ್ಟಿತು. ಮುಟ್ಟಿತು ಅಲ್ಲ, ಮುಟ್ಟಿಸಿದೆ.

ಬದುಕಿರುವವರ ಎದುರು ಮಾತಾಡಲು ನನಗೆ ಹೆದರಿಕೆ. ಅಂಗಡಿಯಲ್ಲಿ ನವಣೆ ಕೇಳುವ ಮೊದಲು ಆ ವಾಕ್ಯವನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ಸತ್ತವರು ನನ್ನನ್ನು ನೋಡುವುದಿಲ್ಲ, ನಾನು ಮಾತ್ರ ಅವರನ್ನು ಕೀಳಾಗಿ ಕಾಣಬಹುದು. ಇದಕ್ಕಿಂತ ಹಿತವಾದ ಜಾಗ ನನಗೆ ಗೊತ್ತಿರಲಿಲ್ಲ. ನೀವಾದರೂ ಎಂಥ ಜನ! ಪಕ್ಕದ ಕೋಣೆಯಲ್ಲಿರುವ ಹೆಂಡತಿಗೆ ಟೀ ಆಯಿತೇ ಎಂದು ಫೋನಿನಲ್ಲಿ ಕೇಳುವವರು. ಕೆರೆ ಮುಚ್ಚಿ ಬಡಾವಣೆ ಕಟ್ಟಿಕೊಂಡು, ಬಿಸಿಲುಮಚ್ಚಿನ ಮೇಲೆ ನಿಂತು “ಕೆರೆ ಹೋಯ್ತು” ಎಂದು ಮರುಗುವವರು. ಎಲ್ಲಿಗೆ ಹೋಯಿತು, ನೆಂಟರ ಮನೆಗೆ?

ನಿಮ್ಮವು ಮುನ್ನೂರ ಹನ್ನೆರಡು ಮೆಸೇಜುಗಳಿವೆ, ಎಲ್ಲವೂ ಹೆಂಡತಿಗೆ. ಆಕೆ ತವರಿಗೆ ಹೋದ ಮರುದಿನ ಬೆಳಿಗ್ಗೆ ಕಳಿಸಿದ್ದು ಕೊನೆಯದು, ನನಗೆ ಅಚ್ಚುಮೆಚ್ಚಿನದು: “ನೋಡೇ, ಸಿಟ್ಟು ಬಂದ್ಬಿಡ್ತು, ಕೈ ಬಿದ್ದೋಯ್ತು. ಆಗೋಯ್ತಲ್ಲ, ಬಿಡು ಅತ್ಲಾಗೆ. ಮನೇಗ್ ಬಾ, ಗ್ಯಾಸ್ ಬೇರೆ ಖಾಲಿ ಆಗೈತೆ.” ಕೈ ಬಿದ್ದುಹೋಯಿತಂತೆ, ಹಣ್ಣಾದ ಹಲಸು ಬಿದ್ದ ಹಾಗೆ! ಅದು ಬೀಳುವ ಹೊತ್ತಿಗೆ ನೀವು ಎಲ್ಲಿದ್ದಿರಿ ಸ್ವಾಮಿ, ಊರಲ್ಲಿರಲಿಲ್ಲವೇ? ಅದನ್ನು ದಿನಕ್ಕೆ ಹತ್ತು ಸಲ ಕೇಳಿ ನಗುತ್ತಿದ್ದೆ. ಏಟು ತಿಂದ ಹೆಂಗಸೊಬ್ಬಳು ಆ ಮಾತಿನ ಆಚೆ ಕೂತಿದ್ದಾಳೆ ಎಂಬುದು ನನ್ನ ನಗುವಿಗೆ ಅಡ್ಡ ಬರಲಿಲ್ಲ.

ಹೀಗೆ ಕೇಳುವುದನ್ನು ನಾನು ಚಟ ಮಾಡಿಕೊಂಡಿದ್ದೆ. ಚಟ ಬಿಡಲು ನಾವು ನಡೆಯುವ ಹನ್ನೆರಡು ಹೆಜ್ಜೆಗಳು ನಿಮ್ಮ ಕಾಲದ ಕುಡಿತ ಬಿಟ್ಟವರ ಸಂಘಗಳಿಂದಲೇ ಬಂದವು. ನೀವು ನಮಗೆ ಬಿಟ್ಟುಹೋದವುಗಳಲ್ಲಿ ನಾರದೆ ಉಳಿದದ್ದು ಇದೊಂದೇ ಇರಬೇಕು. ಪ್ರತಿ ಶುಕ್ರವಾರ ಹಳೆಯ ರೈಲು ನಿಲ್ದಾಣದ ಪ್ರಯಾಣಿಕರ ಕೊಠಡಿಯಲ್ಲಿ ಸೇರುತ್ತೇವೆ. ರೈಲುಗಳು ಈಗ ಇಲ್ಲಿ ನಿಲ್ಲುವುದಿಲ್ಲ. ಕುಡುಕರು, ಜೂಜುಕೋರರು, ನನ್ನಂಥ ಕಿವಿಗಳ್ಳರು. ಮೊದಮೊದಲು ಬಾಗಿಲ ಪಕ್ಕ ಕೂತು ಅವರನ್ನೂ ಹೀಗೆಯೇ ಅಳೆಯುತ್ತಿದ್ದೆ. ಒಬ್ಬ ಪ್ರತಿ ವಾರ ತನ್ನ ಕತೆಯ ಒಂದೇ ಜಾಗದಲ್ಲಿ ಅಳುತ್ತಿದ್ದ. ಅಳು ಎಷ್ಟನೇ ವಾಕ್ಯಕ್ಕೆ ಬರುತ್ತದೆಂದು ನಾನು ಎಣಿಸುತ್ತಿದ್ದೆ.

ಹೊಸಬರನ್ನು ನಡೆಸುವ ಹಳಬರಿಗೆ ಜತೆನಡೆ ಎನ್ನುತ್ತೇವೆ. ನನ್ನ ಜತೆನಡೆ ಜೈತುನಕ್ಕ, ಬಟ್ಟೆ ಹೊಲಿಯುವವರು. ಹತ್ತೊಂಬತ್ತು ವರ್ಷ ಕುಡಿದು, ಹನ್ನೊಂದು ವರ್ಷದಿಂದ ಬಿಟ್ಟವರು. ನಾಲ್ಕನೇ ಹೆಜ್ಜೆಯಲ್ಲಿ ನಮ್ಮ ತಪ್ಪುಗಳನ್ನೆಲ್ಲ ನಾವೇ ಬರೆಯಬೇಕು. ನಾನು ಇಪ್ಪತ್ತಾರು ಪುಟ ಬರೆದೆ, ಅಂದವಾಗಿಯೇ ಬರೆದೆ. ಅವರು ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣ ತೆಗೆದುಕೊಂಡು ಓದುತ್ತ ಗೀಟು ಎಳೆಯುತ್ತ ಹೋದರು.

“ಏನವ್ವ ಇದು, ಇಷ್ಟು ಪುಟ್ದಲ್ಲಿ ನೀನೇ ಇಲ್ಲ? ಮರ್ತೋಯ್ತು, ತಡ ಆಗೋಯ್ತು, ಕೇಳಿಸ್ಲಿಲ್ಲ. ಎಲ್ಲ ತಾನಾಗೇ ನಡ್ಕೊಂಡ್ ಹೋಯ್ತಾ? ಎಂ.ಎ. ಓದಿದೀಯ, ಕರ್ತೃ ಅಂತ ಒಂದು ಇರುತ್ತಂತಲ್ಲ, ಅದನ್ನ ಎಲ್ಲಿ ಬಚ್ಚಿಟ್ಟೆ?”

ಎರಡು ವರ್ಷ ನಿಮ್ಮನ್ನು ನೋಡಿ ನಕ್ಕ ನಾನು ಇಪ್ಪತ್ತಾರು ಪುಟಗಳನ್ನು ನಿಮ್ಮದೇ ವ್ಯಾಕರಣದಲ್ಲಿ ಬರೆದಿದ್ದೆ. ಆ ದಿನ ನನ್ನ ಮೇಲೆ ಹುಟ್ಟಿದ ಅಸಹ್ಯದ ಮುಂದೆ ನಿಮ್ಮ ಮೇಲಿನದು ಏನೂ ಅಲ್ಲ.

ಎಂಟನೆಯದು, ನಮ್ಮಿಂದ ನೊಂದವರ ಪಟ್ಟಿ. ಒಂಬತ್ತನೆಯದು, ಅವರ ಬಳಿ ಹೋಗಿ ತಪ್ಪೊಪ್ಪಿಕೊಳ್ಳುವುದು. ಪಟ್ಟಿಯಲ್ಲಿ ನಿಮ್ಮ ಹೆಸರನ್ನು ಮೊದಲು ಹಾಕಿದ್ದೆ, ಅತ್ತೆಯದನ್ನು ಕೊನೆಗೆ. ಜೈತುನಕ್ಕ ಬಾಯಿಂದ ದಾರ ಕಡಿದು ಹೇಳಿದರು: “ಸತ್ತೋರ ಹತ್ರ ತಪ್ಪಾಯ್ತು ಅನ್ನೋದು ಸಲೀಸು ಕಣೇ, ತಿರುಗ್ಸಿ ಬಯ್ಯಲ್ಲ. ಬರಿ, ಬೇಡ ಅನ್ನಲ್ಲ. ಮೊದ್ಲು ಮನೇಲಿರೋ ಜೀವ ನೋಡು.”

ನನ್ನನ್ನು ಸಾಕಿದವರು ಅಪ್ಪನ ಅಕ್ಕ, ಜಯಮ್ಮಣ್ಣಿ ಅತ್ತೆ. ನಮ್ಮವು ತಗ್ಗುಮನೆಗಳು, ಬಿಸಿಲು ತಪ್ಪಿಸಲು ಅರ್ಧ ನೆಲದೊಳಗೆ ಕಟ್ಟಿದವು, ಬೀದಿಯಿಂದ ಮೆಟ್ಟಿಲಿಳಿದು ಒಳಗೆ ಬರಬೇಕು. ಹೋದ ವರ್ಷ ಒಂದು ಮಧ್ಯಾಹ್ನ ಅತ್ತೆ ಬೀದಿ ನಲ್ಲಿಯಿಂದ ನೀರು ತರುವಾಗ ಆ ಮೆಟ್ಟಿಲ ಮೇಲೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಎರಡು ಗಂಟೆ ಅಲ್ಲೇ ಬಿದ್ದಿದ್ದರು. ನಾನು ಒಳಗಿದ್ದೆ. ಕಿವಿಯಲ್ಲಿ ಮಣಿಯಿತ್ತು, ಕೇಳಿಸಲಿಲ್ಲ ಎಂದೆ. ಎಲ್ಲರೂ ನಂಬಿದರು, ಎಲ್ಲರಿಗಿಂತ ಹೆಚ್ಚಾಗಿ ಅತ್ತೆ. ಅಂದಿನಿಂದ ಮಂಚ ಹಿಡಿದ ಅವರು ನೋಡಲು ಬಂದವರಿಗೆಲ್ಲ ತಾವಾಗಿಯೇ ಹೇಳುತ್ತಿದ್ದರು: “ಪಾಪ, ಅದಕ್ಕೆ ಕೇಳಿಸ್ಲಿಲ್ಲ ಕಣ್ರೀ. ಕೇಳಿಸಿದ್ರೆ ಓಡ್ಬರ್ತಿತ್ತು.”

ಕೇಳಿಸಿತ್ತು. ನಿಮ್ಮ ಮೆಸೇಜಿನ ನಡುವೆ ಅತ್ತೆ ಕರೆದರು. ಕೊಡ ಇಳಿಸಿಕೊಳ್ಳಲು ಕರೆಯುತ್ತಿದ್ದಾರೆ ಎಂದುಕೊಂಡೆ. ಮತ್ತೆ ಕರೆದಾಗ ದನಿ ಬೇರೆಯಾಗಿತ್ತು. ಹಗಲೆಲ್ಲ ಜನರ ದನಿಗಳನ್ನೇ ಕೇಳುವವಳಿಗೆ ಅದು ನೋವಿನದೆಂದು ತಿಳಿಯದಿರಲು ಸಾಧ್ಯವೇ ಇಲ್ಲ. ಇದೊಂದು ಮುಗಿಯಲಿ ಎಂದುಕೊಂಡೆ. ಮುಗಿದ ಮೇಲೆ ಇನ್ನೊಂದು ಹಾಕಿಕೊಂಡೆ. ಅತ್ತೆ ಇನ್ನೊಮ್ಮೆ ಕರೆದರು. ಆಮೇಲೆ ಕರೆಯುವುದು ನಿಂತಿತು, ನನಗೆ ನಿರಾಳವಾಯಿತು.

ಇದನ್ನು ಹೇಳಿದರೆ ಅವರಿಗಿರುವ ಒಂದೇ ಸಮಾಧಾನವನ್ನು ಕಿತ್ತುಕೊಂಡಂತೆ ಎಂದು ಜೈತುನಕ್ಕನ ಬಳಿ ವಾದಿಸಿದೆ. “ಅದು ಅವರ ಸಮಾಧಾನಾನೋ, ನಿಂದೋ?” ಎಂದರು. ನಾಲ್ಕು ದಿನದ ಹಿಂದೆ ಬೆಳಿಗ್ಗೆ ಅತ್ತೆಯ ತಲೆ ಬಾಚುತ್ತ ಹೇಳಿದೆ. ಎದುರು ಕೂತು ಹೇಳುವ ಧೈರ್ಯವಿಲ್ಲದೆ ಬೆನ್ನಿಗೆ ಹೇಳಿದೆ.

“ನೀವು ಕರ್ದಿದ್ದು ನನಗೆ ಕೇಳಿಸಿತ್ತು ಅತ್ತೆ. ನಾನು ಬರ್ಲಿಲ್ಲ.”

ಅತ್ತೆ ತಿರುಗಲಿಲ್ಲ. “ಎಷ್ಟು ಸಲ ಕೇಳಿಸ್ತು?” ಎಂದರು.

“ಮೂರು ಸಲ.”

“ನಾನು ಆರು ಸಲ ಕರ್ದೆ.”

ಜಡೆ ಅರ್ಧಕ್ಕೆ ನಿಂತಿತ್ತು. ನನ್ನ ಕೈ ಸರಿಸಿ, ಉಳಿದದ್ದನ್ನು ತಾವೇ ಹೆಣೆದುಕೊಂಡರು. ಎರಡು ದಿನ ನಾನು ಕೊಟ್ಟ ಊಟ ಮಾಡಿದರು, ಮಾತಾಡಲಿಲ್ಲ. ಮೂರನೆಯ ದಿನ ಗೋಡೆ ನೋಡಿಕೊಂಡು, “ಇನ್ಮೇಲೆ ಬಂದೋರಿಗೆ ನಾನು ಹೇಳಲ್ಲ. ನೀನೇ ಹೇಳು,” ಎಂದರು.

ನಿನ್ನೆ ಎದುರುಮನೆ ಗಂಗಮಾಳಮ್ಮ ಬಂದು ಕೂತು, ರೂಢಿಯಂತೆ, ಪಾಪ ಹುಡುಗಿಗೆ ಕೇಳಿಸಲಿಲ್ಲ ಎಂದು ಶುರುಮಾಡಿದರು. ಅತ್ತೆ ನನ್ನನ್ನೇ ನೋಡುತ್ತಿದ್ದರು. ಕೇಳಿಸಿತ್ತು, ನಾನೇ ಹೋಗಲಿಲ್ಲ ಎಂದು ಹೇಳಿದೆ. ಗಂಗಮಾಳಮ್ಮ ಎಲ್ಲಿ ನೋಡುವುದೆಂದು ತಿಳಿಯದೆ ಸೆರಗು ಸರಿಮಾಡಿಕೊಂಡು, “ಅಯ್ಯೋ, ಹೋಗ್ಲಿ ಬಿಡವ್ವ, ಏನೋ ಆಗೋಯ್ತು,” ಎಂದರು.

ಅತ್ತೆ ಮಂಚದಿಂದ ಗದರಿದರು: “ಆಗ್ಲಿಲ್ಲ ಗಂಗಮಾಳು. ಇವ್ಳು ಮಾಡಿದ್ಲು. ಈಗ ನಿಂಗೆ ನೀರು ತಂದ್ಕೊಡ್ತಾಳೆ, ಕುಡಿ.”

ತಂದುಕೊಟ್ಟೆ.

ಇನ್ನು ನಿಮ್ಮ ಬಾಕಿ, ಚಂದ್ರಮೌಳಿಯವರೇ. ನಿಮ್ಮ ಮನೆಯ ಮಾತುಗಳನ್ನು ನಾನು ಕದ್ದು ಕೇಳಿದೆ, ನಕ್ಕೆ, ನಿಮಗಿಂತ ಮೇಲಿನವಳೆಂದು ಬೀಗಿದೆ. ಕ್ಷಮಿಸಿ. ನಿಮ್ಮ ಮೇಲಿನ ತಾತ್ಸಾರವನ್ನು ನಾನು ಪೂರ್ತಿ ಬಿಟ್ಟಿಲ್ಲ. ಬಿಟ್ಟೆನೆಂದು ಸುಳ್ಳು ಬರೆಯುವುದಿಲ್ಲ. ಈ ಕಾಗದವನ್ನು ದನಿಗೂಡಿನಲ್ಲಿ ನಿಮ್ಮ ಮಾತುಗಳ ಪಕ್ಕ ಇಡುತ್ತಾರೆ. ನಿಮಗೆ ಇದಕ್ಕಿಂತ ಹತ್ತಿರ ಬರಲು ನಮಗೆ ದಾರಿಯಿಲ್ಲ. ಹೇಗಾದರೂ ತಲುಪಿದರೆ ಒಂದು ಕೋರಿಕೆ. ಮುನ್ನೂರ ಹನ್ನೆರಡರ ಮುಂದೆ ನಿಮ್ಮ ಗೂಡು ಖಾಲಿಯಿದೆ. ಇನ್ನೊಂದು ಕಳಿಸಿ. ಎರಡೇ ಪದ: ನಾನು ಹೊಡೆದೆ. ಆಮೇಲೆ ಏನನ್ನೂ ಸೇರಿಸದೆ ಫೋನು ಕೆಳಗಿಡಿ. ಬರುವುದೋ ಬಿಡುವುದೋ ಆಕೆ ನೋಡಿಕೊಳ್ಳುತ್ತಾರೆ.

ನೀಲವೇಣಿ